ಹೆಬ್ಬಾತು ಕೊಟ್ಟ ಅಂಕ

ಫಬ್ರಿಯಾನೊ ಊರಿನಲ್ಲಿ ಎರಡೇ ಬಗೆಯ ಜನ: ಕಾಗದ ಮಾಡುವವರು, ಮತ್ತು ಕಾಗದ ಮಾಡುವವರ ಬಗ್ಗೆ ಮಾತಾಡುವವರು. ಅಂಥ ಊರಿನಲ್ಲಿ ಹುಟ್ಟಿ, ಅಲ್ಲಿಯ ನೀರನ್ನೇ ಕುಡಿದು, ಎಜಿದಿಯೊ ಪಲ್ಲೊತ್ತಾ ಎಂಬ ಪುಣ್ಯಾತ್ಮ ಕಾಗದವೇ ಬೇಡದ ಪೆನ್ನಿಗೆ ಪ್ರೋಗ್ರಾಂ ಬರೆಯಲು ಕುಳಿತ. ಸುದ್ದಿ ಹಬ್ಬಿದ ದಿನದಿಂದ ನಜ್ಜಾರೆನೊನ ಬಾರಿನಲ್ಲಿ ಅವನಿಗೆ ನೆಮ್ಮದಿಯಾಗಿ ಒಂದು ಕಾಫಿ ಕುಡಿಯಲು ಆಗಿದ್ದರೆ ಕೇಳಿ.

"ಬನ್ನಿ ಇಂಜಿನಿಯರ್ರೇ, ಬನ್ನಿ! ನಮ್ಮ ಹೊಟ್ಟೆ ಮೇಲೆ ಹೊಡೆಯೋ ಕೆಲಸ ಎಲ್ಲೀವರೆಗೆ ಬಂತು?" ಎಂದು ನಜ್ಜಾರೆನೊ ಗಲ್ಲಾದ ಹಿಂದಿನಿಂದ ಕೂಗುತ್ತಿದ್ದ. ಕಾಗದದ ಗಿರಣಿಯಿಂದ ಬಂದ ಕೆಲಸಗಾರರೆಲ್ಲ ಕತ್ತು ತಿರುಗಿಸುತ್ತಿದ್ದರು.

ಎಜಿದಿಯೊ ಇಂಜಿನಿಯರೇನೂ ಅಲ್ಲ. ಆದರೆ ಆ ಊರಿನಲ್ಲಿ ಕನ್ನಡಕ ಹಾಕಿದವರೆಲ್ಲ ಡಾಕ್ಟರು. ಕನ್ನಡಕದ ಜೊತೆಗೆ ಕೈಯಲ್ಲೊಂದು ಬ್ಯಾಗೂ ಇದ್ದರೆ ಇಂಜಿನಿಯರು. ಬ್ಯಾಗಿನೊಳಗೆ ಊಟದ ಡಬ್ಬಿ ಇದ್ದರೂ ನಡೆಯುತ್ತದೆ. ಎಜಿದಿಯೊನ ಬ್ಯಾಗಿನಲ್ಲಿ ಇದ್ದದ್ದು ಅದೇ.

ಅವನು ಕೆಲಸ ಮಾಡುತ್ತಿದ್ದ ಪುಟ್ಟ ಕಂಪನಿಯ ಯಜಮಾನ ಗ್ವಾಲ್ತಿಯೆರೊ. ಪರದೆಯ ಮೇಲೆಯೇ ಪೆನ್ನಿನಿಂದ ಬರೆಯಬಹುದಾದ ಕಂಪ್ಯೂಟರು ಆಗಷ್ಟೇ ಮಾರುಕಟ್ಟೆಗೆ ಬಂದಿತ್ತು. ಅದನ್ನು ಕಂಡಿದ್ದೇ ತಡ ಗ್ವಾಲ್ತಿಯೆರೊನ ತಲೆಯಲ್ಲಿ ಹುಳ ಹೊಕ್ಕಿತು: ಒಂದನೇ ತರಗತಿಯ ಮಕ್ಕಳಿಗೆ ಅಕ್ಷರ ತಿದ್ದಿಸುವ ಪ್ರೋಗ್ರಾಂ! ಮಗು ಬರೆಯುತ್ತದೆ. ಪೆನ್ನು ಎಲ್ಲಿ ಇಳಿಯಿತು, ಎಲ್ಲಿ ಎದ್ದಿತು, ಎಷ್ಟು ಒತ್ತಿತು, ಎತ್ತ ವಾಲಿತು ಎಂಬುದನ್ನೆಲ್ಲ ಕಂಪ್ಯೂಟರು ತನ್ನೊಳಗಿನ ಮಾದರಿ ಅಕ್ಷರದ ಜೊತೆ ಹೋಲಿಸಿ ಹತ್ತಕ್ಕೆ ಇಷ್ಟು ಅಂಕ ಎಂದು ಕೊಡುತ್ತದೆ. ಅಂಕ ಕೊಡಲು ಪರದೆಯ ಮೂಲೆಯಲ್ಲೊಂದು ಹೆಬ್ಬಾತು. ಚೆನ್ನಾಗಿ ಬರೆದರೆ ಅದು ರೆಕ್ಕೆ ಬಡಿದು ಊರಿಗೆ ಕೇಳುವಂತೆ ಕೂಗುತ್ತದೆ. ಕೆಟ್ಟದಾಗಿ ಬರೆದರೆ ಬೆನ್ನು ತಿರುಗಿಸಿ, ಬಾಲ ಅಲ್ಲಾಡಿಸಿ, "ಮತ್ತೆ ಬರಿ, ಪುಟ್ಟಾ" ಎನ್ನುತ್ತದೆ. ಹೆಬ್ಬಾತಿನ ದನಿ ಗ್ವಾಲ್ತಿಯೆರೊನದೇ. ಅದಕ್ಕೆ ಅವನು ಅಭ್ಯಾಸವನ್ನೇನೂ ಮಾಡಬೇಕಾಗಲಿಲ್ಲ.

ಎಲ್ಲ ಸಿದ್ಧವಾಯಿತು, ಮಾದರಿ ಅಕ್ಷರವೊಂದನ್ನು ಬಿಟ್ಟು. ಚಪ್ಪರ ಹಾಕಿ, ಅಡುಗೆ ಮಾಡಿ, ಹೆಣ್ಣನ್ನೇ ಹುಡುಕದ ಮದುವೆ ಮನೆಯಂತಾಯಿತು. ಅಲ್ಲಿಯವರೆಗೆ ಪ್ರೋಗ್ರಾಂ ಓಡುತ್ತದೋ ಇಲ್ಲವೋ ನೋಡಲು ಎಜಿದಿಯೊ ಒಂದು ಕೈಯಲ್ಲಿ ಬ್ರೆಡ್ಡು ಕಚ್ಚುತ್ತ ಇನ್ನೊಂದು ಕೈಯಲ್ಲಿ ತನ್ನದೇ ಅಕ್ಷರಗಳನ್ನು ಗೀಚಿ ತುಂಬಿಸಿದ್ದ. ಅವನ ಅಕ್ಷರದ ಬಗ್ಗೆ ಸತ್ಯ ಹೇಳಿಬಿಡುವುದೇ ಲೇಸು: ಕಾಗೆ ಕಾಲು, ಗುಬ್ಬಿ ಕಾಲು. ಅದರಲ್ಲೂ ಕಾಗೆಗೆ ಒಂದು ಕಾಲು ಕುಂಟು.

ಇನ್ನು ಅವನ ಅತ್ತೆ. ಒರ್ತೆನ್ಸಿಯಾ ಎಂದರೆ ಊರಿಗೆ ಊರೇ ಎದ್ದು ನಿಲ್ಲುತ್ತಿತ್ತು. ನಲವತ್ತು ವರ್ಷ ಒಂದನೇ ತರಗತಿಗೆ ಪಾಠ ಹೇಳಿ ನಿವೃತ್ತರಾದ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಮಾಯೆಸ್ತ್ರಾ, ಅಂದರೆ ಟೀಚರಮ್ಮ. ಅವರ ಅಕ್ಷರ ಮುತ್ತು ಪೋಣಿಸಿದ ಹಾಗೆ. ಮದುವೆಯ ಕರೆಯೋಲೆಗಳ ಮೇಲೆ ವಿಳಾಸ ಬರೆಸಲು ಜನ ಇಂದಿಗೂ ಅವರ ಬಾಗಿಲಿಗೆ ಬರುತ್ತಿದ್ದರು.

ಒಂದು ಭಾನುವಾರ ಮಧ್ಯಾಹ್ನ ಅತ್ತೆಯ ಮನೆಯಲ್ಲಿ ಊಟ. ಮೇಜಿನ ನಡುವೆ ಹಬೆಯಾಡುವ ವಿಂಚಿಸ್ಗ್ರಾಸಿ, ಅಂದರೆ ಪದರ ಪದರವಾಗಿ ಜೋಡಿಸಿ ಬೇಯಿಸಿದ ಪಾಸ್ತಾದ ತಟ್ಟೆ, ಸುತ್ತ ನೆಂಟರು.

"ಕೇಳಿದ್ರಾ ಸುದ್ದೀನ?" ಎಂದರು ಒರ್ತೆನ್ಸಿಯಾ, ಅಳಿಯನಿಗೆ ಬಡಿಸುವ ತುಂಡನ್ನು ಚಾಕುವಿನಿಂದ ಇನ್ನಷ್ಟು ಚಿಕ್ಕದು ಮಾಡುತ್ತ. "ಮಕ್ಕಳಿಗೆ ಅಕ್ಷರ ಕಲಿಸೋ ಯಂತ್ರ ಮಾಡ್ತಿದಾರಂತೆ. ಯಾರು ಗೊತ್ತಾ? ಇವನು! ಚರ್ಚಿನ ಪುಸ್ತಕದಲ್ಲಿ ಇವನ ಸಹಿ ನೋಡಿ ಪಾದ್ರಿಗಳು ಶಾಯಿ ಚೆಲ್ಲಿದೆ ಅಂತ ಒರೆಸೋಕೆ ಹೋಗಿದ್ರು."

ನೆಂಟರೆಲ್ಲ ಬಿದ್ದು ಬಿದ್ದು ನಕ್ಕರು. ಹೆಂಡತಿ ನಿವೆಸ್ ಕೂಡ ಕರವಸ್ತ್ರದ ಹಿಂದೆ ನಕ್ಕಳು. ಎಜಿದಿಯೊನ ಮೈ ಉರಿದುಹೋಯಿತು. ಆ ಉರಿಯಲ್ಲಿ ಬಾಯಿಗೆ ಬಂದದ್ದನ್ನು ಅಂದುಬಿಟ್ಟ:

"ಯಂತ್ರದೊಳಗೆ ಇರೋದು ನನ್ನ ಅಕ್ಷರ ಅಂತ ಯಾರು ಹೇಳಿದ್ರು ಅತ್ತೆ? ನಿಮ್ಮದೇ ಅಕ್ಷರ ಹಾಕ್ತಿರೋದು. ಇಡೀ ದೇಶದ ಮಕ್ಕಳು ನಿಮ್ಮ ಅಕ್ಷರ ನೋಡಿಯೇ ಕಲೀತಾರೆ."

ಆ ಕ್ಷಣದವರೆಗೆ ಅಂಥ ಯೋಚನೆ ಅವನ ಕನಸಿನಲ್ಲೂ ಸುಳಿದಿರಲಿಲ್ಲ. ಒರ್ತೆನ್ಸಿಯಾ ಚಾಕು ಕೆಳಗಿಟ್ಟರು. ಅವರ ಕಣ್ಣಂಚು ಒದ್ದೆಯಾಯಿತು. ಆಮೇಲೆ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಅಳಿಯನ ತಟ್ಟೆಗೆ ಕೇಳದೆಯೇ ಎರಡನೇ ತುಂಡು ಬಿತ್ತು. ಅದೂ ಅಂಚಿನ ಗರಿಗರಿ ತುಂಡು.

ಸೋಮವಾರ ಬೆಳಗಾಗುವುದರೊಳಗೆ ಬೇಕರಿಯವಳಿಗೆ ಗೊತ್ತಾಯಿತು. ಬೇಕರಿಯವಳಿಗೆ ಗೊತ್ತಾದ ಮೇಲೆ ಉಳಿದವರಿಗೆ ಬೇರೆಯಾಗಿ ಹೇಳುವ ಅಗತ್ಯವಿರಲಿಲ್ಲ. ನಜ್ಜಾರೆನೊನ ವರಸೆಯೇ ಬದಲಾಯಿತು. "ನಮ್ಮ ಮಾಯೆಸ್ತ್ರಾ ಕೈಯಕ್ಷರ ಅಂದ್ಮೇಲೆ ಕಾಗದ ಇದ್ರೇನು ಬಿಟ್ರೇನು! ಇಂಜಿನಿಯರ್ರಿಗೆ ಒಂದು ಕಾಫಿ ಕೊಡ್ರೋ!"

ಮಾರನೆಯ ವಾರ ಒರ್ತೆನ್ಸಿಯಾ ಕೂದಲು ಸೆಟ್ ಮಾಡಿಸಿಕೊಂಡು, ರೇಷ್ಮೆಯ ಕೊರಳವಸ್ತ್ರ ಕಟ್ಟಿಕೊಂಡು ಕಚೇರಿಗೆ ಬಂದರು. ಗ್ವಾಲ್ತಿಯೆರೊ ಸೊಂಟ ಬಗ್ಗಿಸಿ ನಮಸ್ಕರಿಸಿ ಕುರ್ಚಿ ಎಳೆದ. ಅವರು ಪೆನ್ನು ಹಿಡಿದು ಗಾಜನ್ನು ಒಮ್ಮೆ ಸಂಶಯದಿಂದ ನೋಡಿ ಬರೆಯತೊಡಗಿದರು. ಆಹಾ! ಪರದೆಯ ಮೇಲೆ ಒಂದೊಂದೇ ಅಕ್ಷರ ಅರಳುತ್ತ ಹೋಯಿತು. ಎಜಿದಿಯೊ ಬ್ರೆಡ್ಡು ಕಚ್ಚುವುದನ್ನೂ ಮರೆತ.

ಕೊನೆಯ ಅಕ್ಷರ ಮುಗಿದದ್ದೇ, "ಇದು ಕರಡು" ಎಂದರು ಒರ್ತೆನ್ಸಿಯಾ.

"ಅತ್ತೆ, ಇಷ್ಟು ಚೆನ್ನಾಗಿದೆ, ಇದನ್ನೇ—"

"ಯಾರಾದ್ರೂ ಮೊದಲನೇ ಸಲಕ್ಕೇ ಶುದ್ಧ ಪ್ರತಿ ಬರೀತಾರೇನೋ? ನಿನಗೆ ಯಾರಪ್ಪಾ ಪಾಠ ಹೇಳಿದ್ದು? ಮೊದಲು ಕರಡು, ಆಮೇಲೆ ಶುದ್ಧ ಪ್ರತಿ. ಇದನ್ನ ಕರಡು ಅಂತಲೇ ಇಡು. ಇಡು, ನಾನು ನೋಡ್ತೀನಿ. ನಾಳೆ ಬಂದು ಶುದ್ಧ ಪ್ರತಿ ಬರ್ಕೊಡ್ತೀನಿ."

ಎಜಿದಿಯೊ ಅವರ ಕಣ್ಣೆದುರೇ 'ಕರಡು' ಎಂಬ ಕಡತ ತೆರೆದು ಅದರಲ್ಲಿ ಇಟ್ಟ. 'ಶುದ್ಧ ಪ್ರತಿ' ಎಂಬ ಕಡತವೂ ಅಲ್ಲೇ ಪಕ್ಕದಲ್ಲಿತ್ತು. ಪ್ರೋಗ್ರಾಂ ಮಾದರಿಗಾಗಿ ನೋಡುತ್ತಿದ್ದದ್ದು ಅದನ್ನೇ; ಸದ್ಯಕ್ಕೆ ಅದರೊಳಗೆ ಇದ್ದದ್ದು ಎಜಿದಿಯೊ ಬ್ರೆಡ್ಡು ತಿನ್ನುತ್ತ ಗೀಚಿದ ಕಾಗೆ ಕಾಲು.

ಮಾರನೆಯ ದಿನ ಒರ್ತೆನ್ಸಿಯಾ ಬರಲಿಲ್ಲ. ಕಚೇರಿಯ ಕುರ್ಚಿಯ ದಯೆಯಿಂದ ಸೊಂಟ ಹಿಡಿದುಕೊಂಡಿತ್ತು. ಫೋನಿನಲ್ಲಿ, "ಹಾಳಾಗ್ಲಿ, ಆ ಕರಡನ್ನೇ ಹಾಕ್ಕೋ. ನನ್ನ ಕರಡು ಬೇರೆಯವರ ಶುದ್ಧ ಪ್ರತಿಗಿಂತ ಮೇಲು" ಎಂದರು. ಎಜಿದಿಯೊ, "ಸರಿ ಅತ್ತೆ" ಎಂದ. ಕಿವಿ ಕೇಳಿತು, ಬಾಯಿ ಒಪ್ಪಿತು. ಕೈಗೆ ಮಾತ್ರ ಯಾರೂ ಹೇಳಲಿಲ್ಲ.

ಕಂಪ್ಯೂಟರುಗಳು ಶಾಲೆಗೆ ಹೊರಡುವ ದಿನ ಗ್ವಾಲ್ತಿಯೆರೊ ಹೆಬ್ಬಾತಿನ ದನಿಯಲ್ಲಿ ಕಿರುಚುತ್ತಿದ್ದ: "ಕಂಪ್ಯೂಟರಲ್ಲಿ ಜಾಗ ಸಾಲಲ್ವಂತೆ ಎಜಿದಿಯೊ! ಬೇಡದ್ದೆಲ್ಲ ತೆಗಿ! ವ್ಯಾನು ಬಾಗಿಲಲ್ಲಿ ನಿಂತಿದೆ!" ಎಜಿದಿಯೊ ಗಡಿಬಿಡಿಯಲ್ಲಿ ನೋಡಿದ. ಒಂದು ಕರಡು, ಒಂದು ಶುದ್ಧ ಪ್ರತಿ. ಆರನೇ ವಯಸ್ಸಿನಿಂದ ಆ ದೇಶದ ಪ್ರತಿಯೊಂದು ಮಗುವಿನ ತಲೆಗೂ ಹಾಕುವ ಮಾತು ಒಂದೇ: ಶುದ್ಧ ಪ್ರತಿ ಆದಮೇಲೆ ಕರಡನ್ನು ಹರಿದು ಬುಟ್ಟಿಗೆ ಹಾಕು. ಬೇರೆ ಯಾವ ದೇಶದವನಾಗಿದ್ದರೂ ಒಂದು ಸಲ ತೆರೆದು ನೋಡುತ್ತಿದ್ದ. ಎಜಿದಿಯೊ ಒಳ್ಳೆಯ ಹುಡುಗನಂತೆ ಕರಡನ್ನು ಅಳಿಸಿದ. ಬುಟ್ಟಿಯನ್ನೂ ಖಾಲಿ ಮಾಡಿದ. ಮೇಜು ಚೊಕ್ಕಟವಾಯಿತೆಂದು ಶಿಳ್ಳೆ ಹಾಕುತ್ತ ವ್ಯಾನು ಹತ್ತಿದ.

ಶಾಲೆಯಲ್ಲಿ ಸಂಭ್ರಮವೋ ಸಂಭ್ರಮ. ಒಂದನೇ ತರಗತಿಯ ಟೀಚರು ಮೊರೇನಾ, ಚಿಕ್ಕ ವಯಸ್ಸಿನ ಹುಡುಗಿ, ಕಂಪ್ಯೂಟರಿಗೆ ರಿಬ್ಬನ್ನು ಕಟ್ಟಿದ್ದಳು. ತಾಯಂದಿರು ಕಿಟಕಿಯಲ್ಲಿ ಜೋತುಬಿದ್ದಿದ್ದರು. ಹೆಬ್ಬಾತು ನಡೆದುಕೊಂಡು ಬಂದು, "ಇದು ಮಾಯೆಸ್ತ್ರಾ ಒರ್ತೆನ್ಸಿಯಾ ಅವರ ಅಕ್ಷರ. ನೋಡಿ, ಕಲಿಯಿರಿ!" ಎಂದು ಕೂಗಿತು. ದೊಡ್ಡ ಪರದೆಯ ಮೇಲೆ ಮೊದಲ ಅಕ್ಷರ ಮೂಡಿತು.

ಹೆತ್ತ ಮಗುವನ್ನು ತಂದೆ ಗುರುತಿಸುವಂತೆ ಎಜಿದಿಯೊ ಅದನ್ನು ಗುರುತಿಸಿದ. ನೆತ್ತಿ ತೆರೆದ, ಸೊಂಟ ಉಳುಕಿದ, ಪಕ್ಕದವರ ಮೇಲೆ ಬೀಳುತ್ತಿದ್ದ ಆ ಅಕ್ಷರ ಅವನದೇ.

"ಎಷ್ಟು... ಎಷ್ಟು ಆಧುನಿಕವಾಗಿದೆ!" ಎಂದಳು ಮೊರೇನಾ.

"ನಮ್ಮ ಕಾಲದಲ್ಲಿ ಹೀಗೆ ಇರ್ಲಿಲ್ಲಪ್ಪ" ಎಂದಳು ಕಿಟಕಿಯಲ್ಲಿದ್ದ ಒಬ್ಬ ತಾಯಿ. "ಸುಮ್ನಿರೇ, ಮಾಯೆಸ್ತ್ರಾಗಿಂತ ನಿನಗೆ ಜಾಸ್ತಿ ಗೊತ್ತಾ?" ಎಂದಳು ಪಕ್ಕದವಳು. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಎಜಿದಿಯೊ ಓಡಿಹೋಗಿ ಯಜಮಾನನಿಗೆ ಎಲ್ಲ ಹೇಳಿದ; ಕಾಲು ಹಿಡಿಯುವುದೊಂದು ಬಾಕಿ. ಗ್ವಾಲ್ತಿಯೆರೊ ತಲೆ ಮೇಲೆ ಕೈಹೊತ್ತು ಕುಳಿತ. "ಮುಂದಿನ ತಿಂಗಳು ರೋಮ್‌ನಿಂದ ಇನ್ಸ್‌ಪೆಕ್ಟರಮ್ಮ ಬರ್ತಾರೆ. ಅವರು ಹೂಂ ಅಂದ್ರೆ ದೇಶದ ಶಾಲೆಗಳೆಲ್ಲ ನಮ್ಮವು, ಊಹೂಂ ಅಂದ್ರೆ ಬಾಗಿಲು ಮುಚ್ಕೊಂಡು ಮನೆಗೆ. ಹೋಗು, ನಿಮ್ಮತ್ತೆ ಹತ್ರ ನಿಜ ಹೇಳಿ ಮತ್ತೆ ಬರೆಸ್ಕೊಂಡು ಬಾ. ಹೋಗೋ!"

ಎಜಿದಿಯೊ ಹೋದ. ಒರ್ತೆನ್ಸಿಯಾ ಮಂಚದ ಮೇಲೆ ದಿಂಬಿಗೊರಗಿ ರಾಣಿಯಂತೆ ಕುಳಿತಿದ್ದರು. ಅಕ್ಕಪಕ್ಕದ ಹೆಂಗಸರು ಕೇಕು ಹಿಡಿದು ಸಾಲಾಗಿ ಬಂದಿದ್ದರು.

"ಬಾರಪ್ಪ" ಎಂದರು ಒರ್ತೆನ್ಸಿಯಾ. ಬಾರಪ್ಪ! ಆ ಮನೆಯಲ್ಲಿ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. "ಇವತ್ತು ಇವರಿಗೆ ಹೇಳ್ತಿದ್ದೆ. ನಲವತ್ತು ವರ್ಷ ಕಪ್ಪುಹಲಗೆ ಮೇಲೆ ಬರೆದೆ. ಸಾಯಂಕಾಲ ಆಯಾ ಬಂದು ಒರೆಸಿ ಹೋಗ್ತಿದ್ಲು. ಒಂದಕ್ಷರಾನೂ ಉಳೀಲಿಲ್ಲ. ಈಗ ನನ್ನಳಿಯ ಉಳಿಸಿದ. ಇನ್ನು ಯಾರೂ ಒರೆಸೋಕಾಗಲ್ಲ."

ಒರೆಸಿದ ಮಹಾನುಭಾವ ಕೇಕಿನ ತುಂಡನ್ನು ಬಾಯಿಗೆ ತುರುಕಿಕೊಂಡು ಮನೆಗೆ ಬಂದ.

"ಹೇಳಿದ್ಯಾ?" ಎಂದಳು ನಿವೆಸ್.

"ನಾಳೆ ಹೇಳ್ತೀನಿ."

"ನಾಳೆ ಅಂದೋನ ಮನೆ ಹಾಳು. ನೀನು ಹೇಳದೇ ಹೋದ್ರೆ ಆ ಹೆಬ್ಬಾತೇ ಹೇಳುತ್ತೆ ನೋಡ್ತಿರು."

ನಿವೆಸ್‌ಳ ಬಾಯಲ್ಲಿ ಯಾವ ದೇವತೆ ಕುಳಿತಿದ್ದಳೋ! ಸೊಂಟ ಸಡಿಲವಾದ ದಿನವೇ ಒರ್ತೆನ್ಸಿಯಾ ಯಾರಿಗೂ ಹೇಳದೆ ಶಾಲೆಗೆ ನಡೆದರು. ಮಕ್ಕಳೆಲ್ಲ ಎದ್ದು ನಿಂತರು. ಮೊರೇನಾ ಖುಷಿಯಿಂದ, "ಮಕ್ಕಳೇ, ಈ ಅಕ್ಷರದ ಒಡತಿಯೇ ಬಂದಿದ್ದಾರೆ! ಮಾಯೆಸ್ತ್ರಾ, ಒಂದಕ್ಷರ ಬರೆದು ತೋರಿಸಿ" ಎಂದಳು. ಒರ್ತೆನ್ಸಿಯಾ ಪರದೆಯನ್ನು ಸ್ವಲ್ಪ ಹೊತ್ತು ನೋಡಿದರು. ಪೆನ್ನು ಹಿಡಿದರು. ಗುಂಡಗೆ, ನವಿರಾಗಿ, ಹಬ್ಬದ ದಿನದ ಅಕ್ಷರ ಬರೆದರು.

ಹೆಬ್ಬಾತು ಒಮ್ಮೆ ಕಣ್ಣು ಪಿಳುಕಿಸಿತು. ಮೆಲ್ಲಗೆ ಬೆನ್ನು ತಿರುಗಿಸಿತು. ಬಾಲ ಅಲ್ಲಾಡಿಸಿತು. "ಹತ್ತಕ್ಕೆ ಮೂರು. ಮತ್ತೆ ಬರಿ, ಪುಟ್ಟಾ."

ಮುಂದಿನ ಬೆಂಚಿನ ಪುಟಾಣಿಯೊಬ್ಬಳು, "ಅಯ್ಯೋ, ಮಾಯೆಸ್ತ್ರಾಗೂ ಬೆನ್ನು ತೋರಿಸ್ತು!" ಎಂದು ಬಿಕ್ಕಿದಳು. ಒರ್ತೆನ್ಸಿಯಾ ಬಿಳಿಚಿಕೊಂಡು, ಕೊರಳವಸ್ತ್ರ ಸರಿಮಾಡಿಕೊಂಡು, ನೆಟ್ಟಗೆ ಹೊರಗೆ ನಡೆದರು.

ಬೇಕರಿಯವಳು ತನ್ನ ಕರ್ತವ್ಯ ಮಾಡಿದಳು. ಮಧ್ಯಾಹ್ನದೊಳಗೆ ಊರಿನಲ್ಲಿ ಸಾವಿನ ಕಳೆ. "ಮಾಯೆಸ್ತ್ರಾ ಕೈ ಹೋಯ್ತಂತೆ." "ತನ್ನ ಅಕ್ಷರ ತನಗೇ ಬರೀಲಿಕ್ಕೆ ಆಗ್ಲಿಲ್ವಂತೆ." "ವಯಸ್ಸು ಯಾರನ್ನ ಬಿಟ್ಟಿದೆ ಹೇಳಿ." ಪಾದ್ರಿಗಳು ಮೇಣದಬತ್ತಿ ಹಚ್ಚಿಸಿದರು. ನಜ್ಜಾರೆನೊ ಬಾರಿನ ರೇಡಿಯೊ ಆರಿಸಿದ.

ಡಾಕ್ಟರ್ ಸ್ಪಾದೋನಿ ಬಂದು ಮೊಣಕೈಗೆ ಸುತ್ತಿಗೆ ತಟ್ಟಿ, ಬೆರಳು ಎಣಿಸಿ, ಕಣ್ಣಿಗೆ ದೀಪ ಬಿಟ್ಟು ನೋಡಿದರು. ಕೈ ಕಲ್ಲಿನಷ್ಟು ಗಟ್ಟಿಮುಟ್ಟಾಗಿತ್ತು. ಕುತೂಹಲ ತಡೆಯಲಾಗದೆ ತಾವೇ ಶಾಲೆಗೆ ಹೋಗಿ ಒಂದಕ್ಷರ ಗೀಚಿದರು. ಸ್ಪಾದೋನಿಯವರ ಅಕ್ಷರ ಓದಲು ಔಷಧಿ ಅಂಗಡಿಯವನು ದೇವರಿಗೆ ಹರಕೆ ಹೊರುತ್ತಿದ್ದ. ಹೆಬ್ಬಾತು ಹುಚ್ಚೆದ್ದು ರೆಕ್ಕೆ ಬಡಿಯಿತು. "ಹತ್ತಕ್ಕೆ ಎಂಟು! ಭೇಷ್, ಪುಟ್ಟಾ!"

ಡಾಕ್ಟರು ಶಾಲೆಯಿಂದ ಬಾರಿಗೆ ಓಡುತ್ತಲೇ ಬಂದರು. "ಎಂಟು ಕಣ್ರೋ, ಎಂಟು! ನಮ್ಮಮ್ಮ ಬದುಕಿರಬೇಕಿತ್ತು!" ಎಂದು ಬಾರಿನಲ್ಲಿದ್ದವರಿಗೆಲ್ಲ ತಾವೇ ಕುಡಿಸಿದರು. ಆದರೆ ಅದರಿಂದ ಊರಿನ ದುಃಖ ಇಮ್ಮಡಿಯಾಯಿತು. ಸ್ಪಾದೋನಿಗೆ ಎಂಟು, ಮಾಯೆಸ್ತ್ರಾಗೆ ಮೂರು! ಇದಕ್ಕಿಂತ ಕಲಿಗಾಲ ಬೇಕೆ?

ಇನ್ನು ತಡೆಯಲಾಗದೆ ಎಜಿದಿಯೊ ಮರುದಿನ ಬೆಳಿಗ್ಗೆಯೇ ಅತ್ತೆಯ ಮನೆ ಬಾಗಿಲು ತಟ್ಟಿದ. ದಾರಿಯುದ್ದಕ್ಕೂ, 'ಅತ್ತೆ, ನಿಮ್ಮ ಕೈ ಹೋಗಿಲ್ಲ, ನನ್ನ ತಲೆ ಹೋಗಿತ್ತು' ಎಂದು ಬಾಯಿಪಾಠ ಮಾಡಿಕೊಂಡಿದ್ದ. ಬಾಗಿಲಿಗೆ ಬೀಗ. ಹುಡುಕುತ್ತ ಶಾಲೆಗೆ ಬಂದರೆ ಒರ್ತೆನ್ಸಿಯಾ ಒಂದನೇ ತರಗತಿಯ ಕಿರುಬೆಂಚಿನಲ್ಲಿ, ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಕುಳಿತು, ಇಬ್ಬರು ಪುಟಾಣಿಗಳ ನಡುವೆ ತಿದ್ದುತ್ತಿದ್ದಾರೆ!

"ಅತ್ತೆ, ಒಂದು ಮಾತು—"

"ಪಾಠದ ಹೊತ್ತಲ್ಲಿ ಬಾಗಿಲಲ್ಲಿ ನಿಲ್ಲಬಾರದು ಅಂತ ನಿನಗೆ ಯಾರೂ ಹೇಳಿಕೊಟ್ಟಿಲ್ವಾ? ಹೋಗು."

ಅಂದಿನಿಂದ ದಿನವೂ ಅದೇ. ನಾಲ್ಕು ಬಂತು. ಮತ್ತೆ ಮೂರಕ್ಕಿಳಿಯಿತು. ಐದು ಬಂತು! ಊರು ಕಣ್ಣೊರೆಸಿಕೊಂಡು ಎದ್ದು ಕೂತಿತು. ನಜ್ಜಾರೆನೊ ಫುಟ್‌ಬಾಲ್ ಫಲಿತಾಂಶ ಬರೆಯುವ ಹಲಗೆಯ ಮೇಲ್ತುದಿಯಲ್ಲಿ ಮಾಯೆಸ್ತ್ರಾರ ಅಂಕ ಬರೆಯತೊಡಗಿದ. ಗಿರಣಿಯ ಪಾಳಿ ಬಿಟ್ಟ ಕೂಡಲೇ ಕೆಲಸಗಾರರು ಓಡಿ ಬಂದು, "ಇವತ್ತು ಎಷ್ಟು?" ಎನ್ನುತ್ತಿದ್ದರು. "ಆರು! ಆರು ಹೊಡೆದ್ರು!" ಎಂದರೆ ಟೋಪಿಗಳು ಹಾರುತ್ತಿದ್ದವು. ಎಂಟು ಬಂದ ದಿನ ಡಾಕ್ಟರ್ ಸ್ಪಾದೋನಿ ಮುಖ ಹುಳ್ಳಗೆ ಮಾಡಿಕೊಂಡು ಬೇಗ ಮನೆಗೆ ಹೋದರು. ಒಂಬತ್ತು ಬಂದ ದಿನ ಪಾದ್ರಿಗಳು ಗಂಟೆ ಹೊಡೆಸಿದರು.

ಈ ಜಾತ್ರೆಯ ನಡುವೆ ಎಜಿದಿಯೊ ಒಬ್ಬನೇ ದೆವ್ವ ಬಡಿದವನಂತೆ ಓಡಾಡುತ್ತಿದ್ದ. ಹೆಂಡತಿಯನ್ನೂ ಯಜಮಾನನನ್ನೂ ಬಿಟ್ಟರೆ ಅವನಿಗೊಬ್ಬನಿಗೇ ಗೊತ್ತಿತ್ತು: ಊರಿನ ಮುತ್ತಿನಂಥ ಅಕ್ಷರ ದಿನಕ್ಕಿಷ್ಟು ಸಾಯುತ್ತಿದೆ, ಅದರ ಜಾಗದಲ್ಲಿ ಕುಂಟು ಕಾಗೆ ಮೊಟ್ಟೆಯಿಡುತ್ತಿದೆ. ಪುಟಾಣಿಗಳ ನೋಟುಪುಸ್ತಕ, ಅಂಗಡಿಯ ಚೀಟಿ, ಅಜ್ಜಿಯ ಹುಟ್ಟುಹಬ್ಬದ ಕಾರ್ಡು, ಎಲ್ಲೆಲ್ಲೂ ಅವನದೇ ಕೈ. ಎಷ್ಟೋ ಸಲ ಬಾಯಿ ತೆರೆದ. ಪ್ರತಿ ಸಲವೂ ಯಾರೋ ಅದರೊಳಗೆ ಕೇಕು ಇಟ್ಟರು.

ಇನ್ಸ್‌ಪೆಕ್ಟರಮ್ಮ ಬಂದ ದಿನ ಶಾಲೆಯ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಕವಲ್ಲೂಚಿ ಎಂಬ ಆಕೆ ಒಣಗಿದ ಮೆಣಸಿನಕಾಯಿಯಂಥ ಹೆಂಗಸು. ನಗುವಿಗೂ ಅವರಿಗೂ ಎಣ್ಣೆ ಸೀಗೆಕಾಯಿ. ಗ್ವಾಲ್ತಿಯೆರೊ ಬೆವರುತ್ತ ಪ್ರೋಗ್ರಾಂ ವಿವರಿಸಿದ. ಪರದೆಯ ಮೇಲೆ ಮಾದರಿ ಅಕ್ಷರ ಮೂಡಿತು. ಇನ್ಸ್‌ಪೆಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದು... ಮಾದರೀನಾ?"

"ಹೌದು ಮೇಡಂ" ಎಂದು ನಜ್ಜಾರೆನೊ ಹಿಂದಿನಿಂದ ಎದೆಯುಬ್ಬಿಸಿ ಕೂಗಿದ. "ನಮ್ಮ ಮಾಯೆಸ್ತ್ರಾ ಕೈ!"

ಒರ್ತೆನ್ಸಿಯಾ ರೇಷ್ಮೆಯ ಕೊರಳವಸ್ತ್ರದಲ್ಲಿ ಮೆಟ್ಟಿಲು ಹತ್ತಿ ಪೆನ್ನು ಹಿಡಿದರು. ಅವರು ಬರೆದರು. ನೆತ್ತಿ ತೆರೆದದ್ದು ತೆರೆದ ಹಾಗೆ, ಸೊಂಟ ಉಳುಕಿದ್ದು ಉಳುಕಿದ ಹಾಗೆ, ಅಡ್ಡಗೆರೆ ಹಾರಿ ಪಕ್ಕದ ಮನೆ ಸೇರಿದ್ದು ಸೇರಿದ ಹಾಗೆ.

"ಹತ್ತಕ್ಕೆ ಹತ್ತು!" ಹೆಬ್ಬಾತು ಪರದೆಯ ತುಂಬ ಹಾರಾಡಿತು. ಊರು ಕುರ್ಚಿಯ ಮೇಲೆ ಹತ್ತಿ ನಿಂತಿತು. ಗಿರಣಿಯ ಕೆಲಸಗಾರರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಡಾಕ್ಟರ್ ಸ್ಪಾದೋನಿ ಕೂಡ ಚಪ್ಪಾಳೆ ತಟ್ಟಿದರು.

ಗದ್ದಲ ಇಳಿದ ಮೇಲೆ ಇನ್ಸ್‌ಪೆಕ್ಟರಮ್ಮ ಒರ್ತೆನ್ಸಿಯಾರನ್ನು ಮೇಲಿನಿಂದ ಕೆಳಗೆ ನೋಡಿ, "ಕ್ಷಮಿಸಿ, ನೀವು ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ್ದು ಈ ಅಕ್ಷರಾನಾ? ಈ ಊರಿನ ಮೇಲೆ ನನಗೆ ಮರುಕ ಬರ್ತಿದೆ" ಎಂದರು.

ಪೆನ್ನು ಹಿಡಿದ ಒರ್ತೆನ್ಸಿಯಾರ ಕೈ ಮೆಲ್ಲಗೆ ಬೆನ್ನ ಹಿಂದೆ ಹೋಯಿತು. ತಪ್ಪು ಮಾಡಿ ಸಿಕ್ಕಿಬಿದ್ದ ಮಗು ಕೈ ಅಡಗಿಸುವಂತೆ. ಅದನ್ನು ಎಜಿದಿಯೊ ಕಂಡ. ಕೆಲಸ ಹೋದರೆ ಹೋಗಲಿ, ಕಂಪನಿ ಮುಳುಗಿದರೆ ಮುಳುಗಲಿ! ಕುರ್ಚಿ ಬೀಳಿಸಿಕೊಂಡು ಎದ್ದ.

"ಅದು ಅವರದಲ್ಲ! ನನ್ನದು! ಅವರ ಅಕ್ಷರ ನಾನು ಅಳಿಸಿಬಿಟ್ಟೆ! ಯಂತ್ರದಲ್ಲಿರೋದು ನನ್ನ ಗೀಚು!"

ಗ್ವಾಲ್ತಿಯೆರೊ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಸಭಾಂಗಣ ಗುಸುಗುಸು ಎಂದಿತು.

"ಹಾಗಾದ್ರೆ ಬಂದು ಬರೀರಿ" ಎಂದರು ಇನ್ಸ್‌ಪೆಕ್ಟರಮ್ಮ.

ಎಜಿದಿಯೊ ಓಡಿ ಹೋಗಿ ಪೆನ್ನು ಕಸಿದುಕೊಂಡ. ಜೀವಮಾನದಲ್ಲಿ ಯಾವ ಅಕ್ಷರವನ್ನೂ ಅಷ್ಟು ಶ್ರದ್ಧೆಯಿಂದ ಬರೆದಿರಲಿಲ್ಲ. ಹೆಬ್ಬಾತು ನೋಡಿತು. ಬೆನ್ನು ತಿರುಗಿಸಿತು. "ಹತ್ತಕ್ಕೆ ನಾಲ್ಕು. ಮತ್ತೆ ಬರಿ, ಪುಟ್ಟಾ."

"ತಡೀರಿ, ತಡೀರಿ, ಕೈ ನಡುಗ್ತಿದೆ!" ಮತ್ತೆ ಬರೆದ. ಮೂರು. ಕಣ್ಣು ಮುಚ್ಚಿ ಬರೆದ. ಎರಡು. ಬ್ರೆಡ್ಡು ಕೊಡಿ ಎಂದು ಕೂಗಿದ; ಯಾರೂ ಕೊಡಲಿಲ್ಲ. ಕೆಟ್ಟ ಅಕ್ಷರದ ಸ್ವಭಾವವೇ ಅಂಥದ್ದು: ಒಂದೇ ರೀತಿ ಎರಡು ಸಲ ಬಂದರೆ ಅದನ್ನು ಕೆಟ್ಟ ಅಕ್ಷರ ಎನ್ನುವುದೇಕೆ? ಅದನ್ನು ಹಾಗೆಯೇ ಮತ್ತೆ ಬರೆಯಬೇಕಾದರೆ ಒರ್ತೆನ್ಸಿಯಾರಂಥ ಪಳಗಿದ ಕೈಯೇ ಬೇಕು.

"ಥೂ ನಿನ್ನ!" ಎಂದು ನಜ್ಜಾರೆನೊ ಗುಡುಗಿದ. "ಹೆಣ್ಣು ಕೊಟ್ಟ ಅತ್ತೆ ಕೀರ್ತೀನೇ ಹೊಡ್ಕೊಳ್ಳೋಕೆ ನೋಡ್ತಾನಲ್ಲೋ ಇವನು!"

"ಇಳ್ಸಿ ಅವನನ್ನ! ಕಾಗದದ ದ್ರೋಹಿ!" ಎಂದು ಕೆಲಸಗಾರರು ಎದ್ದರು. ಬೇಕರಿಯವಳು ಕೈಗೆ ಸಿಕ್ಕಿದ ಬನ್ನು ಎಸೆದಳು.

ಇನ್ಸ್‌ಪೆಕ್ಟರಮ್ಮ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ಆಕೆಯ ತುಟಿಯ ಅಂಚಿನಲ್ಲಿ ಏನೋ ಅಲುಗಿತು. ಅದು ನಗುವೇ ಎಂದು ಆಮೇಲೆ ಕೆಲವರು ಆಣೆ ಮಾಡಿ ಹೇಳಿದರು. "ಮಾಡಿದವನಿಗೇ ಎರಡಂಕ ಕೊಡೋ ಯಂತ್ರ ನಾನು ಇನ್ನೂ ನೋಡಿರಲಿಲ್ಲ. ದಾಕ್ಷಿಣ್ಯ ಇಲ್ಲ, ವಶೀಲಿ ಇಲ್ಲ. ಅರವತ್ತು ದಾಟಿದವರಿಗೂ ಹೊಸ ಕೈ ಕಲಿಸಿದೆ. ಪ್ರೋಗ್ರಾಂಗೆ ಒಪ್ಪಿಗೆ. ಆದ್ರೆ ಈ ಅಕ್ಷರ ನಡೆಯಲ್ಲ. ವಾರದೊಳಗೆ ಬೇರೆ ಮಾದರಿ ಬರಬೇಕು, ಇಲ್ಲಾಂದ್ರೆ ಒಪ್ಪಿಗೆಯೂ ಇಲ್ಲ."

ಗ್ವಾಲ್ತಿಯೆರೊ ಆಕೆಯ ಕೈಗೆ ಮುತ್ತಿಕ್ಕಲು ಓಡಿದ. ಊರು ಮಾತ್ರ, "ರೋಮ್‌ನವರಿಗೆ ಅಕ್ಷರದ ಬಗ್ಗೆ ಏನು ತಿಳಿಯುತ್ತೆ, ಮಣ್ಣು!" ಎನ್ನುತ್ತ ಬಾರಿಗೆ ಹೋಯಿತು.

ಬನ್ನಿನ ಪುಡಿ ಕೊಡವಿಕೊಳ್ಳುತ್ತ ಎಜಿದಿಯೊ ಅತ್ತೆಯ ಹಿಂದೆ ಹಿಂದೆ ನಡೆದ. ಕಾರಂಜಿಯ ಹತ್ತಿರ ಒರ್ತೆನ್ಸಿಯಾ ನಿಂತರು.

"ನನಗೆ ಮೊದಲನೇ ದಿನವೇ ಗೊತ್ತಾಗಿತ್ತು."

"ಏನು ಗೊತ್ತಾಗಿತ್ತು ಅತ್ತೆ?"

"ನಿನ್ನ ಅಕ್ಷರ ಅಂತ. ಪ್ರತಿ ಬೇಸಿಗೇಲಿ ನಮ್ಮನೆ ಟೊಮ್ಯಾಟೊ ಸಾಸಿನ ಸೀಸೆಗಳ ಮೇಲೆ ಚೀಟಿ ಬರೆಯೋನು ಯಾರು? ಪರದೆ ನೋಡಿದ ತಕ್ಷಣ, ಇದು ನಮ್ಮ ಸಾಸು ಅಂದ್ಕೊಂಡೆ."

ಎಜಿದಿಯೊ ಅಲ್ಲೇ ಕಾರಂಜಿಯ ಕಟ್ಟೆಯ ಮೇಲೆ ಕುಸಿದು ಕುಳಿತ. "ಗೊತ್ತಿದ್ದೂ ಆ ಬೆಂಚಿನ ಮೇಲೆ ಕೂತು ತಿದ್ದಿದ್ರಾ? ಯಾಕತ್ತೆ?"

"ಊರಿಗೆಲ್ಲ ನನ್ನದು ಅಂತ ಹೇಳಿಯಾಗಿತ್ತಲ್ಲೋ! ನನ್ನದಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ನನ್ನದು ಮಾಡ್ಕೊಳ್ಳೋದೇ ಸುಲಭ ಅನ್ನಿಸ್ತು." ಅವರು ಕೊರಳವಸ್ತ್ರದ ತುದಿ ಹಿಂಡಿದರು. "ನೀನಾಗೇ ಹೇಳ್ತೀಯಾ ಅಂತ ಕಾದೆ. ಹೇಳ್ಲಿಲ್ಲ ಅಂತ ಸಿಟ್ಟೂ ಬಂದಿತ್ತು. ಇವತ್ತು ಅಷ್ಟು ಜನದ ಮುಂದೆ ಎದ್ದು ನಿಂತ್ಯಲ್ಲ..." ಮುಂದಿನ ಮಾತನ್ನು ನುಂಗಿ ದನಿ ಏರಿಸಿದರು. "ಆದ್ರೂ ಹತ್ತಕ್ಕೆ ಎರಡಾ! ಸ್ವಂತ ಅಕ್ಷರದಲ್ಲಿ! ನಾಳೆ ಬರ್ತೀನಿ. ಯಂತ್ರ ತಯಾರಿಟ್ಟಿರು."

ಮಾರನೆಯ ದಿನ ಅವರು ಮನೆಯಿಂದಲೇ ಒಂದು ದಿಂಬು ತಂದು ಕಚೇರಿಯ ಕುರ್ಚಿಗೆ ಹಾಕಿ ಕುಳಿತರು. ಪೆನ್ನು ಹಿಡಿದರು. ಬರೆದರು. ಇಬ್ಬರೂ ಪರದೆ ನೋಡಿದರು. ನೆತ್ತಿ ತೆರೆದಿತ್ತು. ಸೊಂಟ ಉಳುಕಿತ್ತು.

"ಇನ್ನೊಂದ್ಸಲ" ಎಂದರು ಒರ್ತೆನ್ಸಿಯಾ. ಮತ್ತೆ ಕಾಗೆ. ಮತ್ತೊಮ್ಮೆ. ಕುಂಟು ಕಾಗೆ. ಅವರ ಮುಖ ಸಣ್ಣದಾಗುತ್ತ ಹೋಯಿತು. ಸುಳ್ಳುಸುಳ್ಳೇ ಊರೆಲ್ಲ ಅತ್ತಿದ್ದ ಸುದ್ದಿ ಈಗ ನಿಜವಾಗಿಯೂ ನಡೆದುಹೋಗಿತ್ತು: ಮಾಯೆಸ್ತ್ರಾರ ಕೈ ಹೋಗಿತ್ತು.

"ಅತ್ತೆ, ತಪ್ಪಾಯ್ತು. ಹೀಗಾಗುತ್ತೆ ಅಂತ..."

"ಬಾಯ್ಮುಚ್ಚು. ಯೋಚ್ನೆ ಮಾಡ್ತಿದೀನಿ." ಸ್ವಲ್ಪ ಹೊತ್ತಿನ ಮೇಲೆ ಅವರು ಎದ್ದರು. "ಇಲ್ಲಿ ಕೂತ್ಕೋ ನೀನು. ಪೆನ್ನು ಹಿಡಿ."

ಎಜಿದಿಯೊ ಕುಳಿತು ಪೆನ್ನು ಹಿಡಿದ. ಒರ್ತೆನ್ಸಿಯಾ ಅವನ ಬೆನ್ನ ಹಿಂದೆ ನಿಂತು, ಬಗ್ಗಿ, ಅವನ ಮುಷ್ಟಿಯನ್ನು ತಮ್ಮ ಮುಷ್ಟಿಯೊಳಗೆ ಹಿಡಿದರು. ಬರೆಯುವ ಕೈ ಹೊಸ ಪಾಠ ಕಲಿತಿತ್ತು. ಬರೆಸುವ ಕೈಗೆ ಆ ಪಾಠವನ್ನು ಯಾರೂ ಹೇಳಿರಲಿಲ್ಲ. ನಲವತ್ತು ವರ್ಷ ಊರಿನ ಮಕ್ಕಳ ಕೈ ಹಿಡಿದು ತಿದ್ದಿಸಿದ ಆ ಕೈ ಎಜಿದಿಯೊನ ದಪ್ಪ ಬೆರಳುಗಳನ್ನು ಎಳೆದುಕೊಂಡು ಹೊರಟಿತು. ಮೇಲೆ, ಸುತ್ತಿ, ಕೆಳಗೆ, ನವಿರಾಗಿ ಬಾಲ. ಪರದೆಯ ಮೇಲೆ ದುಂಡಗಿನ ಅಕ್ಷರವೊಂದು ಅರಳಿ ನಿಂತಿತು.

"ಬಂತು!" ಎಂದು ಎಜಿದಿಯೊ ಕುರ್ಚಿಯಲ್ಲೇ ಕುಪ್ಪಳಿಸಿದ. "ಅತ್ತೆ, ಬಂತು!"

"ಅಲ್ಲಾಡಬೇಡ."

ಗ್ವಾಲ್ತಿಯೆರೊ ಬಾಗಿಲು ತೆರೆದು ಇಣುಕಿ, ನಲವತ್ತು ದಾಟಿದ ಇಂಜಿನಿಯರನು ನಾಲಿಗೆ ಕಚ್ಚಿಕೊಂಡು ಅತ್ತೆಯ ಕೈಯೊಳಗೆ ಕೈಯಿಟ್ಟು ಬರೆಯುವುದನ್ನು ಕಂಡು, ಬಂದ ದಾರಿಗೆ ಸುಂಕವಿಲ್ಲವೆಂದು ಸದ್ದಿಲ್ಲದೆ ಹಿಂದಿರುಗಿದ. ಅಕ್ಷರದ ಹಿಂದೆ ಅಕ್ಷರ ಬಂತು. ಅರ್ಧ ದಾರಿ ದಾಟಿದ ಮೇಲೆ ಎಜಿದಿಯೊಗೆ ಕೈಗೆ ದಾರಿ ಸಿಕ್ಕಿದಂತೆ ಅನ್ನಿಸಿತು.

"ಅತ್ತೆ, ನೀವು ಬಿಡಿ. ಸೊಂಟ ನೋಯುತ್ತೆ. ಇನ್ನು ನಾನೇ ಬರೀತೀನಿ."

ಒರ್ತೆನ್ಸಿಯಾರ ಹಿಡಿತ ಇನ್ನಷ್ಟು ಬಿಗಿಯಾಯಿತು.

"ಸುಮ್ನೆ ಬರಿಯೋ" ಎಂದರು. "ಕೈ ಬಿಟ್ರೆ ಇಬ್ರೂ ಕೆಟ್ವಿ."